ಹೊಟ್ಟೆಯಲ್ಲಿ ಹನ್ನೊಂದು ಲಕೋಟೆ

ನನ್ನ ಹಿಂದಿನ ಜನ್ಮ ತೆಂಗಿನೆಣ್ಣೆಯ ಡಬ್ಬಿಯದು. ಮೂಲ್ಕಿ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಮೊಯ್ದಿನಬ್ಬ ನನ್ನನ್ನು ಕತ್ತರಿಸಿ, ಬಡಿದು, ಬೆಸುಗೆ ಹಾಕಿ, ಒಂದು ಬಾಯಿ, ಒಂದು ಬಾಗಿಲು, ಒಂದು ಪುಟ್ಟ ಚಿಲಕ ಕೊಟ್ಟು ಅಂಚೆ ಪೆಟ್ಟಿಗೆ ಮಾಡಿದ. ಕೆಂಪು ಬಣ್ಣ ಬಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲೇ ಇಲ್ಲ ಎನ್ನುವುದು ಬೇರೆ ಮಾತು!

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕುತೂಹಲ ವಿಪರೀತ. ಹಣೆಬರಹ ನೋಡಿ, ಹೊಟ್ಟೆ ತುಂಬ ಕಾಗದ, ಓದಲು ಒಂದಕ್ಷರವೂ ಇಲ್ಲ. ಎಲ್ಲವೂ ಅಂಟು ಹಚ್ಚಿದ ಲಕೋಟೆಯೊಳಗೆ. ಊಟದ ಮನೆಯಲ್ಲಿ ಬಾಯಿ ಕಟ್ಟಿ ಕೂರಿಸಿದ ಹಾಗೆ.

ನನ್ನನ್ನು ಮಾಡಿಸಿದವರು ಹಿಲ್ಡಾ ಮಥಾಯಸ್, ಊರವರಿಗೆಲ್ಲ ಹಿಲ್ಡಾ ಬಾಯಿ, ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತೆರಡು ವರ್ಷ ದುಡಿದು ಊರಿನಲ್ಲಿ ಮೂರು ಕೋಣೆಯ ಮನೆ ಕಟ್ಟಿಸಿದ್ದರು. ಮನೆ ಒಕ್ಕಲಿನ ದಿನ ಪಾದ್ರಿಗಳು ತೀರ್ಥ ಚಿಮುಕಿಸಿದಾಗ ಗೇಟಿನ ಮೇಲಿದ್ದ ನನಗೂ ನಾಲ್ಕು ಹನಿ ಬಿತ್ತು. ನನ್ನ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ತಮ್ಮ ಹೆಸರು ಬರೆಸಿ, ಅದನ್ನು ಒಮ್ಮೆ ಬೆರಳಿನಿಂದ ಸವರಿ, ಹಿಲ್ಡಾ ಬಾಯಿ ಮತ್ತೆ ವಿಮಾನ ಹತ್ತಿದರು. ಮನೆ ಬಾಡಿಗೆಗೆ ಹೋಯಿತು.

ಮೊದಲು ಬಂದ ಬ್ಯಾಂಕಿನವರು ಎರಡು ವರ್ಷದಲ್ಲಿ ನನ್ನ ಬಾಗಿಲು ತೆರೆದದ್ದು ನಾಲ್ಕು ಸಲ. ಅವರ ನಂತರ ಬಂದವರು ಯಾರು ಗೊತ್ತೇ? ವಾಮನ ಸಾಲಿಯಾನ್, ನಿವೃತ್ತ ಪೋಸ್ಟ್‌ಮ್ಯಾನ್! ಅಂಚೆ ಪೆಟ್ಟಿಗೆಗೆ ಪೋಸ್ಟ್‌ಮ್ಯಾನ್ ಯಜಮಾನ ಸಿಗುವುದೆಂದರೆ ಸಾಮಾನ್ಯ ಭಾಗ್ಯವೇ? ಶನಿವಾರ ಶನಿವಾರ ನನ್ನ ಬಾಗಿಲಿನ ತಿರುಗಣೆಗೆ ಎಣ್ಣೆ ಬೀಳುತ್ತಿತ್ತು. ಹೆಂಡತಿ ಕಲ್ಯಾಣಮ್ಮ, "ನನ್ನ ಮೊಣಕಾಲಿಗೆ ಇಷ್ಟು ಎಣ್ಣೆ ಹಚ್ಲಿಲ್ಲ ಇವ್ರು" ಎಂದು ಗೊಣಗುತ್ತಿದ್ದರು.

ಸಾಲಿಯಾನರದ್ದು ಒಂದೇ ಧರ್ಮ. ಇನ್ನೊಬ್ಬರ ಕಾಗದ ಒಡೆಯಬಾರದು. ಮೂವತ್ತಾರು ವರ್ಷ ಊರಿನ ಗುಟ್ಟುಗಳನ್ನೆಲ್ಲ ಹೆಗಲ ಮೇಲೆ ಹೊತ್ತು, ಒಂದನ್ನೂ ಇಣುಕಿ ನೋಡದ ಮನುಷ್ಯ. ಹಿಲ್ಡಾ ಬಾಯಿಯ ಹೆಸರಿಗೆ ಕಾಗದ ಬಂದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯುವರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುವರು, ನನ್ನ ಹಿಂದಿನ ಮೂಲೆಯಲ್ಲೇ ಇಡುವರು. ಅವರ ಪೆಟ್ಟಿಗೆ, ಅವರ ಕಾಗದ.

ಮನೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ, ಗೇಟಿನ ಬಳಿ ಮಾತ್ರ. ಹಾಗಾಗಿ ಎಲ್ಲ ಸಂಭಾಷಣೆಯೂ ನನ್ನ ಕಿವಿಯ ಪಕ್ಕದಲ್ಲೇ. ತಿಂಗಳ ಮೊದಲ ದಿನ ಬಾಡಿಗೆಯನ್ನು ಬಾಯಿಯ ಬ್ಯಾಂಕ್ ಖಾತೆಗೆ ಹಾಕಿ ಬಂದು ಸಾಲಿಯಾನರು ಮಸ್ಕತ್ತಿಗೆ ಫೋನ್ ಮಾಡುತ್ತಿದ್ದರು. ಬಂಗುಡೆ ಮೀನಿನ ರೇಟು, ಹಿತ್ತಲಿನ ಹಲಸು, ಕಲ್ಯಾಣಮ್ಮನ ಮೊಣಕಾಲು. ದುಡ್ಡಿನ ಸುದ್ದಿ ಮಾತ್ರ ಇಲ್ಲ. ಮಾಲೀಕರು, ಬಾಡಿಗೆಯವರು ಫೋನಿನಲ್ಲಿ ಹಣ ಮಾತಾಡುವುದು ಇಬ್ಬರಿಗೂ ಮುಜುಗರ.

"ನಿಮ್ಮ ಕಾಗದ ಬಂದದ್ದುಂಟು ಬಾಯಿ. ಜೋಪಾನ ಇಟ್ಟಿದ್ದೇನೆ."

"ಇರ್ಲಿ ಸಾಲಿಯಾನ್ರೇ, ಬಂದಾಗ ನೋಡ್ತೇನೆ."

ಹೀಗೆ ಮೂರು ವರ್ಷ ಕಳೆಯಿತು. ಒಂದು ಮಂಗಳವಾರ ಸಾಲಿಯಾನರ ಹೆಸರಿಗೇ ಒಂದು ಕಾಗದ ಬಂತು. ಆದಾಯ ತೆರಿಗೆ ಇಲಾಖೆಯದು! ಗೇಟಿನಲ್ಲೇ ಒಡೆದರು. ಓದುತ್ತ ಓದುತ್ತ ನನ್ನನ್ನೇ ಹಿಡಿದುಕೊಂಡು ನಿಂತರು.

"ಎಂತ ಆಯ್ತು?" ಎಂದು ಕಲ್ಯಾಣಮ್ಮ ಓಡಿ ಬಂದರು.

"ಪರದೇಶದಲ್ಲಿರುವವರಿಗೆ ಬಾಡಿಗೆ ಕೊಡುವಾಗ ನಾನು ನೂರಕ್ಕೆ ಮೂವತ್ತೊಂದು ಚಿಲ್ಲರೆ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಬೇಕಿತ್ತಂತೆ. ಕಟ್ಲಿಲ್ಲ ಯಾಕೆ ಅಂತ ಕೇಳ್ತಾರೆ. ಒಂದೂವರೆ ಲಕ್ಷದ ಮೇಲುಂಟು ಮಾರಾಯ್ತಿ! ಸರ್ಕಾರದ ಚೀಲ ಹೊತ್ತವ ನಾನು, ಈಗ ಸರ್ಕಾರಕ್ಕೇ ಬಾಕಿದಾರ!"

"ಬಾಡಿಗೆ ಕೊಟ್ಟದ್ದೂ ನಾವು, ತೆರಿಗೆ ಕೊಡುವುದೂ ನಾವಾ? ಬಾಯಿ ಕಟ್ಲಿಲ್ಲ ಅಂತ ಕಾಣ್ತದೆ. ಅದು ನಮ್ಮ ತಲೆಗೆ ಬಂತು."

ಆ ದಿನ ಮೊದಲ ಬಾರಿಗೆ ಫೋನಿನಲ್ಲಿ ಹಣದ ಮಾತು ಬಂತು. ಸ್ಪೀಕರಿನಲ್ಲಿ ಹಿಲ್ಡಾ ಬಾಯಿಯ ಧ್ವನಿ ಏರಿತು. "ನಮ್ಮ ಆಡಿಟರ್ ಎರಡು ಸಲ ಕಾಗದ ಹಾಕಿ ಎಲ್ಲ ವಿವರ ಬರೆದಿದ್ದಾರಲ್ಲ ಸಾಲಿಯಾನ್ರೇ! ನೀವು ಹಿಡಿಯದೆ ಪೂರ್ತಿ ಬಾಡಿಗೆ ಹಾಕ್ತಾ ಇದ್ರಿ. ಕೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು."

"ನನಗೆ ಒಂದು ಕಾಗದವೂ ಬರ್ಲಿಲ್ಲ ಬಾಯಿ."

"ಬರ್ಲಿಲ್ವಾ?"

ಆಮೇಲೆ ಎರಡೂ ಕಡೆ ಸಂಶಯ. ಇವರು ಸುಳ್ಳು ಹೇಳುತ್ತಾರೆಂದು ಅವರಿಗೆ, ಅವರು ಜಾರಿಕೊಳ್ಳುತ್ತಾರೆಂದು ಇವರಿಗೆ. ನನ್ನ ತಗಡೆಲ್ಲ ಬಿಸಿಯಾಯಿತು. ಮುಂದಿನ ವಾರ ರಜೆ ಹಾಕಿ ಬರುತ್ತೇನೆಂದು ಹೇಳಿ ಬಾಯಿ ಫೋನಿಟ್ಟರು. ಸಾಲಿಯಾನರು ಪಾತ್ರೆಪಗಡ ಕಟ್ಟಲು ಶುರುಮಾಡಿದರು. ನಂಬಿಕೆ ಹೋದ ಮನೆಯಲ್ಲಿ ಅವರು ಇರುವವರಲ್ಲ. ಆ ಶನಿವಾರ ನನಗೆ ಎಣ್ಣೆಯೂ ಬೀಳಲಿಲ್ಲ.

ಬಾಯಿ ಬಂದರು, ಜೊತೆಗೆ ಆಡಿಟರ್ ಪೈಗಳು. ಸಾಲಿಯಾನರು ನಮಸ್ಕಾರ ಮಾಡಿದವರೇ ಗೇಟಿನಿಂದ ನನ್ನನ್ನು ಕಳಚಿ ತಂದು ಜಗಲಿಯ ಮೇಜಿನ ಮೇಲೆ ಇಟ್ಟರು.

"ಮೊದಲು ನಿಮ್ಮ ಕಾಗದ ಲೆಕ್ಕ ಮಾಡಿ ತಕ್ಕೊಳ್ಳಿ. ಹನ್ನೊಂದು ಉಂಟು. ಮತ್ತೆ ಬೇರೆ ಮಾತು."

ಪ್ಲಾಸ್ಟಿಕ್ ಚೀಲ ಬಿಚ್ಚಿಕೊಂಡಿತು. ಮೂರನೆಯ ಲಕೋಟೆ ಕಂಡದ್ದೇ ಪೈಗಳು ಕುರ್ಚಿಯಿಂದ ಎದ್ದರು.

"ಇದು ನಮ್ಮ ಆಫೀಸಿನ ಲಕೋಟೆ! ಇಲ್ಲಿ ಇನ್ನೊಂದು! ಇದರೊಳಗೆ ಇರುವುದು ನಿಮಗೆ ಬರೆದದ್ದು ಸಾಲಿಯಾನ್ರೇ! ಕೆಳಗೆ ನಿಮ್ಮ ಹೆಸರುಂಟಲ್ಲ!"

"ಮೇಲೆ ಬಾಯಿಯ ಹೆಸರುಂಟು," ಎಂದರು ಸಾಲಿಯಾನರು ಶಾಂತವಾಗಿ. "ಮೇಲಿನ ಹೆಸರು ಯಾರದ್ದೋ ಕಾಗದ ಅವರದ್ದು. ಕೆಳಗಿನವ ತಲುಪಿಸುವವ ಮಾತ್ರ."

ಪೈಗಳ ಆಫೀಸಿನವರು ಮನೆಯ ಮಾಲೀಕರ ಹೆಸರನ್ನು ಮೊದಲು ಹಾಕಿ ಅಡಿಯಲ್ಲಿ ಬಾಡಿಗೆಯವರ ಹೆಸರು ಬರೆದಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೂರು ವರ್ಷದ ಹಿಂದೆಯೇ ಒಡೆದು ಓದುತ್ತಿದ್ದರು. ಕಲ್ಯಾಣಮ್ಮ ಹಣೆ ಹಣೆ ಚಚ್ಚಿಕೊಂಡರು. ಪೈಗಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಹಿಲ್ಡಾ ಬಾಯಿ ಮಾತ್ರ ಒಂದೊಂದೇ ಲಕೋಟೆಯನ್ನು ತಿರುಗಿಸಿ ನೋಡುತ್ತಿದ್ದರು. ಪೆನ್ಸಿಲಿನ ತಾರೀಕು. ಬಿಚ್ಚದ ಅಂಟು. ಅವರ ಕಣ್ಣು ತುಂಬಿತು.

"ಮಸ್ಕತ್ತಿನ ನಮ್ಮ ನರ್ಸ್ ಹಾಸ್ಟೆಲಿನಲ್ಲಿ ಮೊದಲೆಲ್ಲ ವಾರ್ಡನ್ ಒಡೆದು ಓದಿಯೇ ಕಾಗದ ನಮ್ಮ ಕೈಗೆ ಕೊಡ್ತಿದ್ದದ್ದು. ನನ್ನ ಅಪ್ಪ ತೀರಿಹೋದ ಸುದ್ದಿ ನನಗಿಂತ ಮುಂಚೆ ಅವಳಿಗೆ ಗೊತ್ತಿತ್ತು. ನನ್ನ ಕಾಗದವನ್ನು ನನ್ನದು ಅಂತ ಇಟ್ಟವರು ನೀವೊಬ್ರೇ ಸಾಲಿಯಾನ್ರೇ. ನಾನು ನಿಮ್ಮ ಮೇಲೆ ಸಂಶಯ ಮಾಡಿದೆ."

"ನಾನೂ ಮಾಡಿದೆ ಬಾಯಿ," ಎಂದು ಸಾಲಿಯಾನರು ತಲೆ ತಗ್ಗಿಸಿದರು.

ಪೈಗಳು ಕನ್ನಡಕ ಸರಿಮಾಡಿಕೊಂಡರು. "ಅಳುವುದು ಆಮೇಲೆ. ಬಾಯಿ ಪ್ರತಿ ವರ್ಷವೂ ಈ ಬಾಡಿಗೆ ತೋರಿಸಿ, ತಪ್ಪದೆ ತೆರಿಗೆ ಕಟ್ಟಿದ್ದಾರೆ. ಅದಕ್ಕೆ ನಾನು ಸರ್ಟಿಫಿಕೇಟ್ ಕೊಟ್ರೆ ಆ ಒಂದೂವರೆ ಲಕ್ಷ ನಿಮ್ಮಿಂದ ಕೇಳ್ಲಿಕ್ಕಿಲ್ಲ. ತಡವಾದ್ದಕ್ಕೆ ಸ್ವಲ್ಪ ಬಡ್ಡಿ ಬೀಳ್ತದೆ, ಅಷ್ಟೇ."

ಅಷ್ಟೇ! ಅದನ್ನು ಕೇಳಿ ನನ್ನ ಬಾಗಿಲು ತಾನಾಗಿ ತೆರೆದುಕೊಂಡಿತು. ಗಾಳಿಗೆ ಎಂದು ಅವರು ತಿಳಿದರು. ಆಮೇಲೆ ಶುರುವಾಯಿತು ನೋಡಿ ಜಗಳ! ಬಡ್ಡಿ ನಾನು ಕೊಡುತ್ತೇನೆಂದು ಬಾಯಿ, ತಪ್ಪು ನನ್ನದೆಂದು ಸಾಲಿಯಾನರು. ಕಡೆಗೆ ಕಲ್ಯಾಣಮ್ಮ, "ಅರ್ಧ ಅರ್ಧ. ಊಟಕ್ಕೆ ಏಳಿ" ಎಂದು ತೀರ್ಪು ಕೊಟ್ಟರು. ಕಟ್ಟಿದ ಪಾತ್ರೆಗಳನ್ನು ಬಿಚ್ಚಿಯೇ ಅನ್ನ ಮಾಡಬೇಕಾಯಿತು.

ಹೊರಡುವ ಮುನ್ನ ಬಾಯಿ, "ಇನ್ನು ತೆರಿಗೆ ಹಿಡಿದೇ ಬಾಡಿಗೆ ಹಾಕಿ. ಹೆಚ್ಚಾದದ್ದನ್ನು ಸರ್ಕಾರ ನನಗೆ ವಾಪಸ್ ಕೊಡ್ತದೆ. ಹಾಗೆಯೇ ನನ್ನ ಕಾಗದ ಒಡೆದು ಓದಿ" ಎಂದರು.

"ಬಾಯಿಮಾತಿನಲ್ಲಿ ಆಗ್ಲಿಕ್ಕಿಲ್ಲ. ಬರೆದು ಸಹಿ ಹಾಕಿ ಕೊಡಿ."

ಬಾಯಿ ನಕ್ಕು, ಬರೆದು, ಲಕೋಟೆಗೆ ಹಾಕಿ, ಮೇಲೆ ಸಾಲಿಯಾನರ ಹೆಸರನ್ನು ಮಾತ್ರ ದಪ್ಪಗೆ ಬರೆದು, ತಮ್ಮ ಕೈಯಾರೆ ನನ್ನ ಬಾಯಿಗೆ ಹಾಕಿದರು.

ಈಗ ನನಗೆ ವಯಸ್ಸಾಗಿದೆ. ಸಮುದ್ರದ ಗಾಳಿಗೆ ತಳ ತುಕ್ಕು ಹಿಡಿದು ಉದುರಿತು. ಗೇಟಿನಲ್ಲಿ ಹೊಸ ಪೆಟ್ಟಿಗೆ ಕುಳಿತಿದೆ. ಸಾಲಿಯಾನರು ನನ್ನನ್ನು ಗುಜರಿಗೆ ಕೊಡಲಿಲ್ಲ, ಜಗಲಿಯ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದರು. ಶನಿವಾರದ ಎಣ್ಣೆ ಇನ್ನೂ ತಪ್ಪಿಲ್ಲ.

ಮೊನ್ನೆ ಬಾಯಿಯ ಹೆಸರಿಗೆ ತೆರಿಗೆ ಇಲಾಖೆಯ ಕಾಗದ ಬಂತು. ಬರವಣಿಗೆಯಲ್ಲಿ ಅಪ್ಪಣೆ ಇದ್ದರೂ ಅಲ್ಲಿಯವರೆಗೆ ಒಂದನ್ನೂ ಒಡೆಯದ ಸಾಲಿಯಾನರು ಗೇಟಿಗೆ ಹೋಗಿ ಫೋನ್ ಮಾಡಿ, "ಒಡೆಯಲಾ ಬಾಯಿ?" ಎಂದು ಕೇಳಿದರು. "ಒಡೀರಿ ಮಾರಾಯ್ರೇ!" ಎಂದು ಮಸ್ಕತ್ತು ಕೂಗಿತು. ಅವರು ಬಂದು ನನ್ನ ಕೆಳಗೆ ನಿಂತು, ಚಾಕುವಿನಿಂದ ಲಕೋಟೆಯ ಅಂಚನ್ನು ನಿಧಾನವಾಗಿ ಬಿಡಿಸಿದರು. ಹೆಚ್ಚಾಗಿ ಹಿಡಿದ ತೆರಿಗೆ ಮರಳಿ ಬಂದಿದೆ ಎಂದು ಗಟ್ಟಿಯಾಗಿ, ಒಂದೊಂದೇ ಪದ ಓದಿದರು.

ಇನ್ನೊಬ್ಬರಿಗೆ ಬಂದ ಕಾಗದವನ್ನು ಅವರು ಓದಿದ್ದು ಜೀವನದಲ್ಲಿ ಅದೇ ಮೊದಲು. ನಾನು ಕೇಳಿದ್ದೂ ಅದೇ ಮೊದಲು.