ಒಂದೇ ಸೂರಿನ ಲೆಕ್ಕ

ಚಳಿಗಾಲದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮೊಮ್ಮಗಳು ಕಾಲೇಜಿನಿಂದ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಳಿತಳು. ತಂದೆತಾಯಿ ಇಲ್ಲದ ಆ ಹುಡುಗಿಯನ್ನು ಬೆಳೆಸಿದವರು ನಾನು ಮತ್ತು ನನ್ನ ಹೆಂಡತಿ. ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸಿಗೆ ಬ್ಯಾಂಕಿನ ಸಾಲ, ಪುಸ್ತಕಕ್ಕೂ ಓಡಾಟಕ್ಕೂ ಸರ್ಕಾರದ ವಿದ್ಯಾರ್ಥಿವೇತನ. ಎರಡೂ ಕೂಡಿದರಷ್ಟೇ ಓದು.

"ವಿದ್ಯಾರ್ಥಿವೇತನ ಬರಲ್ವಂತೆ ತಾತ. ಅಜ್ಜಿ ಪಿಂಚಣಿ ಸೇರಿದ್ರೆ ನಮ್ಮನೆ ಆದಾಯ ಮಿತಿ ದಾಟುತ್ತಂತೆ. ಒಂದೇ ಸೂರಿನಡಿ ಇರೋರದ್ದೆಲ್ಲ ಲೆಕ್ಕಕ್ಕೆ ಬರುತ್ತೆ. ಮನೇಲಿ ಯಾರ್ಯಾರಿದ್ದಾರೆ ಅಂತ ನೋಡೋಕೆ ಗುರುವಾರ ಅಧಿಕಾರಿ ಬರ್ತಾರಂತೆ."

ಗಿರಣಿಯಲ್ಲಿ ನೂಲು ತೆಗೆದು, ಎದೆ ಕೆಡಿಸಿಕೊಂಡು ನನ್ನವಳು ಗಳಿಸಿದ ಪಿಂಚಣಿ ಅದು. ಅದನ್ನು ಬಿಟ್ಟುಕೊಟ್ಟರೆ ಅವಳಿಗೆ ಔಷಧಿಯೇ ಇಲ್ಲ. ಒಲೆಯ ಮುಂದಿನಿಂದ ಏಳದೆಯೇ ಅವಳು ಹೇಳಿದಳು, "ಹಾಗಾದ್ರೆ ನಾನು ನನ್ನ ತಮ್ಮನ ಮನೇಲಿ ಇರ್ತೀನಿ. ಇವಳ ಓದು ಮುಗಿಯೋವರೆಗೆ ತಾನೆ?"

"ನಾನು ಓದೋದೇ ಇಲ್ಲ, ಬಿಡಜ್ಜಿ."

"ಬಾಯ್ಮುಚ್ಚೇ, ದೊಡ್ಡ ಮಾತಾಡ್ತಾಳೆ!" ಎಂದು ಗದರಿ, ನನ್ನ ಕಡೆ ತಿರುಗಿ ನಕ್ಕಳು. "ಇಷ್ಟು ವರ್ಷ ಜಗಳ ಆಡಿದ್ರೂ ನನ್ನ ಓಡಿಸೋಕೆ ನಿಮ್ಮ ಕೈಲಿ ಆಗ್ಲಿಲ್ಲ. ಸರ್ಕಾರ ನೋಡಿ, ಒಂದೇ ಮಾತಲ್ಲಿ ಮುಗಿಸ್ತು."

ನನಗೆ ನಗು ಬರಲಿಲ್ಲ. ಓದು ಮುಗಿಯುವವರೆಗೆ ತಾಳುವ ಎದೆ ಅವಳದ್ದಲ್ಲವೆಂದು ಮೂವರಿಗೂ ಗೊತ್ತಿತ್ತು. ಹೋಗಬೇಡ ಎನ್ನಲು ಬಾಯಿ ತೆರೆದೆ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎದ್ದು ನನ್ನವಳ ಔಷಧಿಗಳನ್ನು ಚೀಲಕ್ಕೆ ತುಂಬತೊಡಗಿದೆ.

ಮನೆ ನೋಡಲು ಅಧಿಕಾರಿ ಬರುವ ಮುಂಚೆಯೇ, ಗುರುವಾರ ಬೆಳಿಗ್ಗೆ, ಕರೆದೊಯ್ಯಲು ಬಂದ ತಮ್ಮನ ಕೈ ಹಿಡಿದು ನನ್ನವಳು ಹೊರಟುಹೋದಳು.