ಏಳನೆಯ ಕಂಬದ ಕೆಳಗೆ

ಮೊದಲ ಬುಟ್ಟಿ ಕಾಂಕ್ರೀಟು ಮೇಲೆ ಹೋಗುವುದರೊಳಗೆ ನಾನು ಬಾಯಿ ಬಿಡಬೇಕಿತ್ತು. ಒಮ್ಮೆ ಸ್ಲ್ಯಾಬು ಹಾಕಲು ಶುರುಮಾಡಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಲವತ್ತು ಜನ ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮೇಲೆ, ಅಂಚಿನಲ್ಲಿ, ಕಾಡವ್ವ ತಲೆಗೆ ಸಿಂಬಿ ಇಟ್ಟುಕೊಂಡು ಕಾಯುತ್ತಿದ್ದಳು.

ಅದು ೧೯೫೯ರ ಮಾತು, ಮಳೆಗಾಲ ಆಗಷ್ಟೇ ಹಿಡಿದಿತ್ತು. ಎರಡು ವರ್ಷದ ಹಿಂದಿನವರೆಗೆ ಹೊಳೆಯ ಆಚೆ ನಿಂತು ನೋಡಿದರೆ ಗೋಕಾಕವೆಂದರೆ ಒಂದೇ ಎತ್ತರದ ಮಣ್ಣಿನ ಮಾಳಿಗೆಗಳು, ಅವುಗಳ ಮೇಲೆ ಗುಡಿಯ ಕಳಸ, ಮಸೀದಿಯ ಮಿನಾರು. ಹಿಂದಿನ ವರ್ಷ ಎಣ್ಣೆ ವ್ಯಾಪಾರಿಯೊಬ್ಬ ದಂಡೆಯ ಮೇಲೆ ಮೂರಂತಸ್ತು ಎಬ್ಬಿಸಿದ. ಕಳಸ ಮರೆಯಾಯಿತು. ನಮ್ಮ ಸಾಹುಕಾರ ಸೋಮಪ್ಪನವರು ಅದರ ಪಕ್ಕದಲ್ಲೇ ನಾಲ್ಕು ಅಂತಸ್ತು ಕಟ್ಟಿಸಿ ಖೋಲಿಗಳನ್ನು ಬಾಡಿಗೆಗೆ ಕೊಡಲು ಹೊರಟರು. ಸಂತೆಗೆ ಬಂದವರು ಸೇತುವೆಯ ಮೇಲೆ ಚಕ್ಕಡಿ ನಿಲ್ಲಿಸಿ, ಕತ್ತೆತ್ತಿ ನೋಡಿ ಹೋಗುತ್ತಿದ್ದರು. ಎರಡು ಅಂತಸ್ತು ಆಗಿತ್ತು. ಇವತ್ತು ಮೂರನೆಯ ಸ್ಲ್ಯಾಬು.

ನಾನು ಅಲ್ಲಿ ಕಾರಕೂನ. ಹೊಳೆಯ ಕಡೆಗೆ ಏಳು ಕಂಬ. ಪಾಯ ತೋಡಿದಾಗ ಪ್ರತಿ ತಗ್ಗಿಗೆ ಇಳಿದು ಹಾರೆಯಿಂದ ಮೂರು ಸಲ ಕುಟ್ಟಿ ನೋಡುವುದು ನನ್ನ ಕೆಲಸ. ಕೆಳಗೆ ಹಾಸುಗಲ್ಲಿದ್ದರೆ ಹಾರೆ ಠಣ್ ಎಂದು ಪುಟಿಯುತ್ತದೆ. ಆಮೇಲೆ ವಹಿಯಲ್ಲಿ ಬರೆಯಬೇಕು. ಆರು ತಗ್ಗು ಕುಟ್ಟಿದೆ. ಏಳನೆಯದು ಈಶಾನ್ಯ ಮೂಲೆಯದು. ನಾನು ಹೋಗುವಷ್ಟರಲ್ಲಿ ಸಾಹುಕಾರರ ತಾಯಿ ಸುಂದ್ರವ್ವನವರು ಅಲ್ಲಿ ಪೂಜೆ ಮುಗಿಸಿ ನವಧಾನ್ಯ ಹಾಕಿ ಹಾಲೆರೆದಿದ್ದರು. ಹಾಲೆರೆದ ತಗ್ಗಿಗೆ ಯಾರೂ ಮತ್ತೆ ಹಾರೆ ಇಳಿಸುವುದಿಲ್ಲ. ಮೇಲಿನಿಂದ ಬಗ್ಗಿ ನೋಡಿದೆ, ಕಲ್ಲು ಕಂಡಿತು. ಆರರಲ್ಲಿ ಸಿಕ್ಕಿದ್ದೇ ಇಲ್ಲಿಯೂ ಇರುತ್ತದೆ ಎಂದುಕೊಂಡು ಬರೆದುಬಿಟ್ಟೆ.

ಮೂರು ದಿನಗಳ ಹಿಂದೆ ಆ ಮೂಲೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಅದರ ಮೇಲೆ ಸುಣ್ಣದ ಪಟ್ಟಿ ಮೆತ್ತಿದ್ದೆ. ಬಿರುಕು ಬೆಳೆಯದಿದ್ದರೆ ಪಟ್ಟಿ ಹಾಗೆಯೇ ಉಳಿಯಬೇಕು. ಇವತ್ತು ಬೆಳಿಗ್ಗೆ ಅದು ಎರಡಾಗಿತ್ತು. ಸುಣ್ಣ ಒಣಗಿ ಬಿರಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಹೋಗಿ ನೋಡಿದೆ. ಹೆಬ್ಬೆರಳಿನ ಉಗುರು ಒಳಗೆ ಹೋಯಿತು.

"ಮೇಸ್ತ್ರಿ, ತಡೀರಿ," ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಕೂಗಿದೆ.

ಲಗಮಪ್ಪ ಮೇಸ್ತ್ರಿ ತಿರುಗಿದ. "ಏನೋ ಸಾತಪ್ಪ, ಮಾರಿ ಯಾಕ ಹಂಗಾಗೇತಿ? ಹೊಟ್ಟಿ ಕೆಟ್ಟೈತೇನು?"

"ಏಳನೇ ತಗ್ಗು ನಾ ಕುಟ್ಟಿ ನೋಡಿಲ್ರಿ."

"ವಹಿದಾಗ ಬರದಿಯಲ್ಲೋ?"

"ಸುಳ್ಳ ಬರದೇನ್ರಿ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಮಾಲು ಕಲಸಿ ಆಗೇತಿ. ಇನ್ನೊಂದು ತಾಸಿಗೆ ಬಿಗೀತೈತಿ. ಪೂಜಿ ಆದ ಜಾಗಾ ಈಗ ಅಗಸ್ತೀ ಏನು?" ಆಮೇಲೆ ಎಲ್ಲರಿಗೂ ಕೇಳುವಂತೆ, "ನಾಕು ದಿನ ರಾತ್ರಿ ಸಾಲಿಗೆ ಹೋಗಿ ಇಂಜಿನಿಯರ ಆಗ್ಯಾನ ನೋಡ್ರೋ!" ಎಂದ.

ಅಟ್ಟಣಿಗೆಯ ತುಂಬ ನಗೆ ಎದ್ದಿತು. ಮೇಲಿನಿಂದ ಕಾಡವ್ವ ಕೂಗಿದಳು: "ಕಾರಕೂನಪ್ಪಾ, ಬುಟ್ಟಿ ಕಳಸ್ತೀರೋ, ನಾ ಇಲ್ಲೇ ಗೂಡು ಕಟ್ಟಲೋ?"

ಸಾಹುಕಾರರು ಮತ್ತು ಸುಂದ್ರವ್ವ ಸ್ಲ್ಯಾಬಿಗೆ ಕಾಯಿ ಒಡೆಯಲು ಬಂದು ಗಿಡದ ನೆರಳಿನಲ್ಲಿ ಕೂತಿದ್ದರು. ಅಲ್ಲಿಗೆ ನಡೆದೆ. ತಗ್ಗು, ವಹಿ, ಬಿರುಕು, ಎಲ್ಲ ಹೇಳಿದೆ. ಹಿಂದೆಯೇ ಓಡಿ ಬಂದ ಲಗಮಪ್ಪ, "ದೇವರ ಕೆಲಸಾ ಆದ ಜಾಗಾ, ಅವ್ವಾರ. ಅಗದ್ರ ಮನಿತನಕ್ಕ ಛಲೋ ಅಲ್ರಿ," ಎಂದ.

ಸೋಮಪ್ಪನವರು ತಾಯಿಯ ಮುಖ ನೋಡಿದರು.

"ಹಾಲು ಎರದಾಕಿ ನಾನು," ಎಂದರು ಸುಂದ್ರವ್ವ. "ನಾನs ಹೇಳ್ತೀನಿ, ಅಗೀರಿ. ನಿಮ್ಮ ಗಡಿಬಿಡಿ ನನ್ನ ದೇವರ ತಲಿಗೆ ಕಟ್ಟಬ್ಯಾಡ್ರಿ."

ಕಾಡವ್ವ ಗುದ್ದಲಿ ಹಿಡಿಯಲು ಕೆಳಗಿಳಿದಳು. ಉಳಿದವರು ಅಟ್ಟಣಿಗೆಯ ಮೇಲೇ ಕುಕ್ಕರಿಸಿದರು. ಹೇಗೂ ಅರ್ಧ ತಾಸಿನ ಮಾತು ಎಂದು ಮೇಸ್ತ್ರಿ ಹೇಳಿದ್ದ. ಕಂಬದ ಮಗ್ಗುಲಿಗೆ ಆಳುದ್ದ ಅಗೆದಾಗ ಕಲ್ಲು ಸಿಕ್ಕಿತು. ನಾನು ಇಳಿದು ಕುಟ್ಟಿದೆ. ಧಬ್ ಎಂದಿತು. ಹಾರೆ ಪುಟಿಯಲಿಲ್ಲ. ಕಲ್ಲಿನ ಅಂಚು ಹುಡುಕಿ ಅದರಡಿಗೆ ಹಾರೆ ತೂರಿದೆ. ಮೊಳದಷ್ಟು ಹೋಯಿತು. ಇನ್ನೂ ಹೋಯಿತು. ಹೊರಗೆಳೆದಾಗ ಹಸಿ ಉಸುಕು, ಅದರ ಹಿಂದೆಯೇ ನೀರು ಬಂತು. ಹೊಳೆ ಯಾವಾಗಲೋ ಉರುಳಿಸಿ ತಂದ ಗುಂಡುಕಲ್ಲು ಅದು. ಕಂಬ ಅದರ ಮೇಲೆ ನಿಂತಿತ್ತು.

"ಯವ್ವಾ..." ಎಂದಳು ಕಾಡವ್ವ.

ಲಗಮಪ್ಪನೇ ಮೊದಲು ಅಟ್ಟಣಿಗೆಯತ್ತ ಓಡಿದ. "ಇಳೀರಿ! ಒಬ್ಬೊಬ್ಬರs ಇಳೀರಿ! ಜಿಗೀಬ್ಯಾಡ್ರಿ, ಕುಣೀಬ್ಯಾಡ್ರಿ!" ಎಂದು ಕೂಗಿದ. ಕೊನೆಯ ಹೆಂಗಸು ನೆಲ ಮುಟ್ಟುವವರೆಗೆ ನಾನು ತಲೆ ಎಣಿಸುತ್ತ ನಿಂತೆ.

ಸೋಮಪ್ಪನವರು ತಗ್ಗಿನ ಅಂಚಿಗೆ ಬಂದು ನಿಂತರು. "ಉಳಿದ ಆರು?"

"ಅವು ಹಾಸುಗಲ್ಲಿನ ಮ್ಯಾಲ ಅದಾವ್ರಿ. ಒಂದೊಂದೂ ನಾನs ಕುಟ್ಟೇನಿ."

"ಅದನ್ನ ಈಗ ಯಾರು ನಂಬಬೇಕೋ ಸಾತಪ್ಪ?"

ಆ ಆರೂ ನಾನು ನಿಜವಾಗಿ ಕುಟ್ಟಿ ನೋಡಿದ್ದೆ. ಆದರೂ ಅವರು ಕೇಳಿದ ಮೇಲೆ ನನಗೇ ಅನುಮಾನ ಬಂತು: ನಾಲ್ಕನೆಯದನ್ನು ಮೂರು ಸಲ ಕುಟ್ಟಿದ್ದೆನೋ, ಎರಡೇ ಸಲವೋ?

ಗುದ್ದಲಿ ತೆಗೆದುಕೊಂಡು ಆರನೆಯ ಕಂಬದ ಬುಡದಲ್ಲಿ ಅಗೆಯಲು ಶುರುಮಾಡಿದೆ. ಕಾಡವ್ವ ಬುಟ್ಟಿ ತಂದು ಮಣ್ಣು ತುಂಬತೊಡಗಿದಳು.