ಕಂಡಿತು ಅಂದರೆ ಕಂಡೆ ಅಂತಲ್ಲ

ಕೆಲಸದ ಜಾಗದಲ್ಲಿ ಏನಾದರೂ ಕಳೆದರೆ ಸಾಕು, ಎಲ್ಲರ ಕಣ್ಣೂ ಹೊಸಬರ ಮೇಲೆ. ನಮ್ಮ ಮನೆಯವರು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲೂ ಅದೇ ಆಯಿತು. ಗಿರಾಕಿಯೊಬ್ಬರ ಕೋಟಿನ ಜೇಬಿನಲ್ಲಿದ್ದ ಉಂಗುರ ಮಾಯ. ಬಟ್ಟೆ ಮಡಿಸಲು ತಿಂಗಳ ಹಿಂದೆ ಸೇರಿದ ಹೆಂಗಸಿನ ಮೇಲೆ ಗುಮಾನಿ.

ಸಂಜೆ ಇವರು ತಮ್ಮ ಹೆಸರಲ್ಲಿ ಬರೆದ ಒಂದು ಸಾಕ್ಷಿ ಕಾಗದ ಹಿಡಿದು ಮನೆಗೆ ಬಂದರು. ಸಹಿ ಹಾಕಿ ಕೊಟ್ಟರೆ ಮಾಲೀಕರು ಅದನ್ನು ಪೊಲೀಸರಿಗೆ ಕೊಡುತ್ತಾರಂತೆ.

"ಅವಳೇ ಕಣೇ. ಯಾರ ಜೊತೆನೂ ಮಾತಿಲ್ಲ ಕತೆಯಿಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಂದರು.

ಮಾತಾಡದವರು ಕಳ್ಳರು ಅನ್ನುವುದಾದರೆ ಬಾಯಿ ಮುಚ್ಚದ ನನ್ನ ಗಂಡನಷ್ಟು ಸಾಚಾ ಮನುಷ್ಯ ಲೋಕದಲ್ಲೇ ಇಲ್ಲ! ಆದರೂ ನನಗೂ ಅವಳ ಮೇಲೇ ಅನುಮಾನ.

ನಮ್ಮ ಜೊತೆಯೇ ಇರುವ ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಕೋರ್ಟಿನಲ್ಲಿ ಟೈಪಿಸ್ಟ್. ಅವರು ಕಾಗದ ಓದಿ ಹುಬ್ಬು ಗಂಟಿಕ್ಕಿದರು.

"ಲೋ, 'ಅವಳು ಜೇಬಿಗೆ ಕೈ ಹಾಕಿದ್ದನ್ನು ಕಂಡೆ' ಅಂತಿದೆ. ಕಂಡ್ಯಾ?"

"ಹಾಕಿದ ಹಾಗೆ ಕಂಡಿತು ಅಂದೆ ಅಕ್ಕಾ. ಮ್ಯಾನೇಜರ್ರೇ ಬರ್ಕೊಂಡ್ರು."

"ಕಂಡಿತು ಅನ್ನೋದು ನಿನ್ನ ಅನುಮಾನ ಕಣೋ. ಕಂಡೆ ಅಂದ್ರೆ ಸಾಕ್ಷಿ. ಅವಳನ್ನ ಜೈಲಿಗೆ ಕಳಿಸ್ತಿದ್ದೀಯಲ್ಲೋ!"

"ಅಯ್ಯೋ, ನಾನೇನು ಸುಳ್ಳು ಕಟ್ಟಿದೀನಾ? ಒಂದೆರಡು ಅಕ್ಷರಕ್ಕೆ ಏನಕ್ಕಾ?"

"ಯೇಸುವಿನ ಮೇಲೆ ಸಾಕ್ಷಿ ಹೇಳಿದವರೂ ಇದನ್ನೇ ಮಾಡಿದ್ದು. 'ಈ ದೇವಾಲಯ ನೀವು ಕೆಡವಿ, ಮೂರು ದಿನದಲ್ಲಿ ಎಬ್ಬಿಸ್ತೀನಿ' ಅಂತ ಆತ ಆಡಿದ್ದು, 'ನಾನೇ ಕೆಡವ್ತೀನಿ ಅಂದ' ಅಂತ ಅವರು ತಿರುಚಿದ್ದು. ಕೊಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು, ಸಾಕ್ಷಿ ಆಮೇಲೆ ಹುಡುಕಿದ್ರು. ಚರ್ಚಿನಲ್ಲಿ ಅದನ್ನ ಓದಿದಾಗಲೆಲ್ಲ ಕಣ್ಣೊರೆಸ್ಕೋತೀಯ. ಈಗ ನೀನೇ ಆ ಸಾಲಲ್ಲಿ ನಿಲ್ತೀಯಾ? ಅವಳನ್ನ ಒಂದು ಮಾತು ಯಾರಾದ್ರೂ ಕೇಳಿದ್ರಾ?"

"ಇಲ್ಲ," ಅಂದರು ಇವರು. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿ, ಸಹಿ ಹಾಕದೆ ಮಡಿಸಿ ಜೇಬಿಗಿಟ್ಟರು.

ಮರುದಿನ ಕಾಗದವನ್ನು ಹಾಗೇ ಮ್ಯಾನೇಜರ್ ಮುಂದಿಟ್ಟು, "ಸಾರ್, ನಾನು ನೋಡಿದ್ದು ಅವಳ ಬೆನ್ನು. ಕೈ ನೋಡಿಲ್ಲ. ಬೇಕಾದ್ರೆ ಅಷ್ಟು ಬರೀರಿ," ಅಂದರಂತೆ. ಬೆನ್ನು ಕಂಡಿದ್ದಕ್ಕೆ ಯಾರು ಕೇಸು ಹಾಕುತ್ತಾರೆ? ಕಾಗದ ಕಸದ ಬುಟ್ಟಿ ಸೇರಿತು.

ಅವಳು ಇನ್ನೂ ಅಲ್ಲೇ ಬಟ್ಟೆ ಮಡಿಸುತ್ತಿದ್ದಾಳೆ. ಉಂಗುರ ಸಿಕ್ಕಿಲ್ಲ. ನಮ್ಮಿಬ್ಬರ ಅನುಮಾನವೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ? ಅಷ್ಟು ಅನುಮಾನ ಇಟ್ಟುಕೊಂಡೂ ಇವರು ಸಹಿ ಹಾಕದೆ ಬಂದರಲ್ಲ, ಅದಕ್ಕೇ ನನಗೆ ಹೆಮ್ಮೆ.

ಅಕ್ಕಂದಿರೇ, ಅಣ್ಣಂದಿರೇ, ಯಾರಾದರೂ ಸಾಕ್ಷಿ ಸಹಿ ಕೇಳಿದರೆ ಕಾಗದವನ್ನು ಜೋರಾಗಿ ಓದಿಸಿ. ನೀವು ಆಡಿದ ಮಾತೇ ಅಲ್ಲಿದೆಯೇ ನೋಡಿ. ಆರೋಪ ಹೊತ್ತವರ ಮಾತನ್ನೂ ಕೇಳಿದ್ದಾರೆಯೇ ಎಂದು ವಿಚಾರಿಸಿ. ಅನುಮಾನವಿದ್ದರೆ ಇರಲಿ, ಪೆನ್ನು ಮಾತ್ರ ಕೆಳಗಿಡಿ.